ಎಲೆಯ ಎಡಭಾಗ

ಬೀಗರೂಟದ ದಿನ ಹೆಣ್ಣಿನ ಅಪ್ಪನ ಎಲೆಯ ಮೇಲೆ ಎಲ್ಲರ ಕಣ್ಣೂ ಇರುತ್ತದೆ. ಏನು ಉಂಡ, ಏನು ಬಿಟ್ಟ, ಯಾವುದನ್ನು ಎರಡನೇ ಸಲ ಹಾಕಿಸಿಕೊಂಡ ಅನ್ನುವುದೆಲ್ಲ ಆಮೇಲೆ ತಿಂಗಳುಗಟ್ಟಲೆ ಮಾತಾಗುತ್ತದೆ. ನಮ್ಮ ಒಬ್ಬಳೇ ಮಗಳನ್ನು ರಾವಂದೂರಿನ ಕಡೆಗೆ ಕೊಟ್ಟೆವು. ಮದುವೆಯಾದ ವಾರದಲ್ಲೇ ಗಂಡಿನ ಮನೆಯಲ್ಲಿ ಬೀಗರೂಟ. ಶಾಮಿಯಾನದ ಕೆಳಗೆ ಸಾಲಾಗಿ ಟೇಬಲ್ಲು ಹಾಕಿ, ಮೊದಲನೇ ಪಂಕ್ತಿಯ ನಡುವೆ ನಮ್ಮನೆಯವರನ್ನು ಕೂರಿಸಿದರು. ಅವರ ಎಲೆಗೆ ಬಡಿಸಿದ್ದು ಗಂಡಿನ ಅಪ್ಪನೇ. ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡು, ಬಕೆಟ್ಟು ಹಿಡಿದು ಬಂದು ತಮ್ಮ ಕೈಯಾರೆ ಹಾಕಿದರು. ಎಲೆಯ ಎಡಕ್ಕೆ ಕೈಮದುಂಡೆ, ಲಿವರ್ ಫ್ರೈ, ಆರಿಸಿದ ಬಾಡಿನ ತುಂಡುಗಳು. ಬಲಕ್ಕೆ ಮುದ್ದೆ, ಸಾರು. ನಾನು ಎದುರು ಸಾಲಿನಲ್ಲಿ ಹೆಂಗಸರ ಜೊತೆ ಕೂತಿದ್ದೆ.

ನಮ್ಮನೆಯವರು ಮುದ್ದೆ ನುಂಗಿದರು, ಸಾರು ಬಳಿದು ಉಂಡರು, ನೀರು ಕುಡಿದು ತಲೆ ಎತ್ತಿದರು.

“ಏನ್ ಬೀಗ್ರೇ, ಬರೀ ಮುದ್ದೆ ಸಾರಾ? ತುಂಡೆಲ್ಲ ನಿಮ್ ಕಡೆಯೋರ್ಗೇ ಮಡಗ್ಬುಟ್ರಾ?”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬೀಗರು ಬೀಗರು ಕಾಲೆಳೆದುಕೊಳ್ಳುವುದು ನಮ್ಮಲ್ಲಿ ಇದ್ದದ್ದೇ. ಅದಿಲ್ಲದಿದ್ದರೆ ಬೀಗರೂಟ ಸಪ್ಪೆ. ಗಂಡಿನ ಅಪ್ಪನೂ ಬಿಟ್ಟುಕೊಡಲಿಲ್ಲ.

“ಎಲೆ ಮೇಲೆ ಅರ್ಧ ಕುರಿನೇ ಮಲಗೈತೆ. ಕನ್ನಡಕ ತರಿಸ್ಲಾ ಬೀಗ್ರೇ?”

ಮತ್ತೆ ನಗೆ. ಇವರು ಮಾತ್ರ ನಗಲಿಲ್ಲ.

“ಎಲ್ಲೈತೆ? ನನ್ ಎಲೆ ಖಾಲಿ ಐತೆ. ಇಕ್ಕಿದ್ರೆ ನಾನ್ಯಾಕ್ರೀ ಇಲ್ಲ ಅನ್ಲಿ?”

ಆ ದನಿಯಲ್ಲಿ ತಮಾಷೆ ಇರಲಿಲ್ಲ. ನಗು ಒಂದೊಂದೇ ಬಾಯಲ್ಲಿ ನಿಂತಿತು.

“ನಾನೇ ಇಕ್ಕಿದ್ದೀನಿ, ಈ ಕೈಯಾಗೆ,” ಅಂದರು ಬೀಗರು. “ಅಂಗಾರೆ ನಾನು ಸುಳ್ಳಾ?”

“ಇಕ್ದಿದ್ದನ್ನ ಇಕ್ದೆ ಅಂದ್ರೆ ಇನ್ನೇನಂತಾರೆ?”

ಅಷ್ಟು ಹೇಳಿ ಇವರು ಎದ್ದೇಬಿಟ್ಟರು. ಹಾಕಿದ್ದು ಹಾಕಿದ ಹಾಗೆಯೇ ಎಡಭಾಗದಲ್ಲಿ ಕೂತಿತ್ತು. ಮಗಳು ತುಪ್ಪದ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಹಿಂದಿನಿಂದ ಒಬ್ಬ ಅಜ್ಜಿ ನನಗೆ ಕೇಳಿಸಲಿ ಅಂತಲೇ ಅಂದಳು: “ಓದಿದೋಳ ಗಂಡ ಅಂತಾರೆ. ಎಲೆ ಮುಂದೆ ಎಂಗಿರ್ಬೇಕು ಅಂತ್ಲೂ ಗೊತ್ತಿಲ್ವಲ್ಲವ್ವ.”

ಓದಿದವಳು ಹೌದು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಮಾಡಿದವಳು ನಾನೇ ಮೊದಲು. ಹನಗೋಡಿನ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಪಿಯುಸಿ ಮುಗಿಯುತ್ತಲೇ ಭೇರ್ಯದ ಕಡೆಗೆ ಮದುವೆಯಾಗಿ ಬಂದು, ಮಗಳನ್ನು ಹೆತ್ತ ಮೇಲೆ ಮನೆಯಲ್ಲೇ ಓದಿ ಬಿಎ ಕಟ್ಟಿದೆ, ಆಮೇಲೆ ಬಿಎಡ್. ನಾಟಿ ಆಳುಗಳಿಗೆ ಬುತ್ತಿ ಹೊತ್ತು ಬಂದು ಪುಸ್ತಕ ಹಿಡಿದವಳು ನಾನು. ಪರೀಕ್ಷೆಗೆ ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಹೋಗಿ, ಕಾಲೇಜಿನ ಗೇಟಿನ ಹೊರಗೆ ಮಗುವನ್ನು ಎತ್ತಿಕೊಂಡು ನಿಂತಿದ್ದವರು ಇವರೇ. ಈಗ ಕೆ.ಆರ್. ನಗರದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತೇನೆ. ಇವರು ನನ್ನನ್ನು ಕರೆಯುವುದು ‘ಮೇಡಮ್ಮೋರು’ ಅಂತ. ಅರ್ಧ ಹೆಮ್ಮೆ, ಅರ್ಧ ಕೀಟಲೆ. ಇಂಥ ಮನುಷ್ಯ ಎಲೆ ಮುಂದೆ ಸುಳ್ಳಾಡುವವರಲ್ಲ.

ಮದುವೆಗೆ ಸ್ವಲ್ಪ ಮುಂಚೆ ಇವರಿಗೆ ಲಕ್ವ ಹೊಡೆದಿತ್ತು. ಗದ್ದೆಯಿಂದ ಬಂದವರು ಜಗಲಿ ಹತ್ತಲಾರದೆ ಕುಸಿದರು. ಎಡಗೈ, ಎಡಗಾಲು ಬಿದ್ದುಹೋದವು. ಬೇಗ ಮೈಸೂರಿಗೆ ಸಾಗಿಸಿದ್ದರಿಂದ ಬದುಕಿದರು. ಮಾತಿಗೆ ಏನೂ ಆಗಿರಲಿಲ್ಲ. ಕೈಕಾಲೂ ಹಿಂತಿರುಗಿದವು, ಪೂರಾ ವಾಸಿಯಾಯಿತು ಅಂತಲೇ ಬೀಗರಿಗೂ ಹೇಳಿದ್ದೆವು. ಮತ್ತೆ ಬಂದು ತೋರಿಸಿ ಅಂತ ಆಸ್ಪತ್ರೆಯಲ್ಲಿ ಅಂದಿದ್ದರು. ಲಗ್ನ ಹತ್ತಿರ ಬಂದಿತ್ತು, ಮದುವೆ ಮುಗಿಸಿಕೊಂಡು ಹೋದರಾಯಿತು ಅಂದುಕೊಂಡೆವು. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ತಾಗುತ್ತಿತ್ತು. ಕಾಲಿಗೆ ಇನ್ನೂ ಬಲ ಬಂದಿಲ್ಲ ಅಂದೆವು. “ನನ್ ಗಡಿಯಾರ ಎಲ್ ಮಡಗ್ದೆ?” ಅಂತ ದಿನಾ ಕೇಳುತ್ತಿದ್ದರು. ಅದು ಅವರ ಎಡಗೈಯಲ್ಲೇ ಇರುತ್ತಿತ್ತು. ಮರೆವು ಅಂದೆವು. ಒಂದೊಂದಕ್ಕೂ ಒಂದೊಂದು ಸಮಜಾಯಿಷಿ.

ಬೀಗರೂಟದ ಮಾರನೆಯ ಬೆಳಿಗ್ಗೆ ಇವರು ಹಿತ್ತಲ ಬಚ್ಚಲ ಕಟ್ಟೆಯ ಮೇಲೆ ಕನ್ನಡಿ ಇಟ್ಟುಕೊಂಡು ಶೇವಿಂಗ್ ಮಾಡಿಕೊಂಡರು. ಮದುವೆ ಮುಗಿಯುವ ತನಕ ಕಟಿಂಗ್ ಅಂಗಡಿಯವನೇ ಮನೆಗೆ ಬಂದು ಮಾಡುತ್ತಿದ್ದ. ಮುಖ ಒರೆಸಿಕೊಂಡು ಒಳಗೆ ಬಂದವರನ್ನು ನೋಡಿ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಬಲಗೆನ್ನೆ ನುಣ್ಣಗಿತ್ತು. ಎಡಗೆನ್ನೆಯ ಮೇಲೆ ನೊರೆ ಹಾಗೇ ಒಣಗಿತ್ತು, ಕೆಳಗೆ ಬಿಳಿ ಗಡ್ಡ. ಮೂಗಿನ ಕೆಳಗೆ ಗೆರೆ ಎಳೆದ ಹಾಗೆ ಅರ್ಧ ಮೀಸೆ ತಿದ್ದಿದ್ದರು, ಅರ್ಧ ಇಲ್ಲ.

“ಇದೇನ್ರೀ ಇದು?”

“ಏನು?”

“ಇನ್ನರ್ಧ ಮಾಡ್ಕೊಂಡಿಲ್ಲ.”

“ಆಗೈತೆ ಕಣಮ್ಮಿ,” ಅಂದರು. ನಾನೇ ತಮಾಷೆ ಮಾಡುತ್ತಿದ್ದೀನಿ ಅಂದುಕೊಂಡು ನಗಾಡಿದರು.

ಚಾಪೆಯ ಮೇಲೆ ಕೂತವರ ಎಡಕ್ಕೆ ನಾನೂ ಕೂತೆ. ಸ್ವಲ್ಪ ಹೊತ್ತಿಗೆ ಇವರು ಬಲಗಡೆಗೆ, ಅಡುಗೆಮನೆಯ ಕಡೆಗೆ ಮುಖ ಮಾಡಿ ಕೂಗಿದರು: “ಮೇಡಮ್ಮೋರೇ, ಎಲ್ಲೋದ್ರಿ? ಕಾಫಿ?” ನಾನು ಅವರ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿದ್ದೆ. ಬೀಗರೂಟದ ಎಲೆ ಆಗ ನನ್ನ ಕಣ್ಣಿಗೆ ಕಟ್ಟಿತು. ಅವರು ಸುಳ್ಳು ಹೇಳಿರಲಿಲ್ಲ. ಆ ಎಲೆಯಲ್ಲಿ ಅವರಿಗೆ ಎಡಭಾಗವೇ ಇರಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ನಮ್ಮನ್ನು ಥೆರಪಿ ಕೋಣೆಗೆ ಕಳಿಸಿದರು. ಅಲ್ಲಿದ್ದ ಥೆರಪಿ ಮೇಡಂ ನಮ್ಮ ಮಗಳ ವಯಸ್ಸಿನವಳು. ಒಂದು ಹಾಳೆಯ ತುಂಬ ಸಣ್ಣ ಗೆರೆಗಳಿದ್ದವು. “ಎಲ್ಲಾ ಗೆರೆಗೂ ಒಂದೊಂದು ಅಡ್ಡಗೀಟು ಹಾಕಿ ಸಾರ್” ಅಂದಳು. ಇವರು ಬಲತುದಿಯಿಂದ ಶುರು ಮಾಡಿ, ಶ್ರದ್ಧೆಯಿಂದ ಗೀಟು ಹಾಕುತ್ತಾ ಹಾಳೆಯ ನಡುವಿಗೆ ಬಂದು ಪೆನ್ನು ಕೆಳಗಿಟ್ಟರು. “ಆಯ್ತು ನೋಡವ್ವ.” ಮನೆ ಬರೆಯಿರಿ ಅಂದಾಗ ಬಲಗಡೆಯ ಗೋಡೆ, ಬಲಗಡೆಯ ಮಾಡು, ಒಂದು ಕಿಟಕಿ. ಬಿದ್ದುಹೋದ ಮನೆಯ ಹಾಗಿತ್ತು. ಆದರೆ ಬರೆದಷ್ಟು ಅಚ್ಚುಕಟ್ಟಾಗಿತ್ತು.

ಆಮೇಲೆ ಅವಳು ನಮ್ಮ ಬೀದಿಯ ಎರಡು ತುದಿಗೂ ಏನಿದೆ ಅಂತ ನನ್ನನ್ನು ಕೇಳಿಕೊಂಡು, ಇವರಿಗೆ ಕಣ್ಣು ಮುಚ್ಚಿಕೊಳ್ಳಿ ಅಂದಳು. “ನೀವೀಗ ನಿಮ್ಮೂರಲ್ಲಿದ್ದೀರಿ. ಮಾರಿಗುಡಿಗೆ ಬೆನ್ನು ಕೊಟ್ಟು ನಾಲೆ ಕಡೆ ಮುಖ ಮಾಡಿ ನಿಂತಿದ್ದೀರಿ. ನಿಮ್ಮ ಬೀದೀಲಿ ಯಾವ ಯಾವ ಮನೆ ಇದೆ ಹೇಳಿ.”

ಇವರು ಹೇಳಿದರು. ಬಡಗಿಯ ಮನೆ, ಡೈರಿ, ಹಿಟ್ಟಿನ ಗಿರಣಿ, ದೊಡ್ಡಪ್ಪನ ಮನೆ. ಎಲ್ಲವೂ ಬಲಸಾಲಿನವು. ನಿಲ್ಲಿಸಿದರು.

“ಅಷ್ಟೇನಾ ಸಾರ್?”

“ಅಷ್ಟೇ ಕಣವ್ವ. ಸಣ್ಣೂರು.”

ನಮ್ಮ ಮನೆ ಎಡಸಾಲಿನಲ್ಲಿದೆ. ಅವರು ಹುಟ್ಟಿದ ಮನೆ, ಅವರೇ ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸಿದ ಮನೆ. ಅದನ್ನು ಬಿಟ್ಟುಬಿಟ್ಟಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಥೆರಪಿ ಮೇಡಂ ಕಣ್ಣಲ್ಲೇ ಬೇಡ ಅಂದಳು.

“ಈಗ ತಿರುಗಿ. ನಾಲೆಗೆ ಬೆನ್ನು ಕೊಟ್ಟು ಮಾರಿಗುಡಿ ಕಡೆ ನೋಡ್ತಾ ಇದ್ದೀರಿ. ಹೇಳಿ.”

ಅವರು ಮೊಟ್ಟಮೊದಲು ಹೇಳಿದ್ದೇ “ನಮ್ಮನೆ” ಅಂತ. ಈಗ ಗಿರಣಿಯೂ ಇಲ್ಲ, ಡೈರಿಯೂ ಇಲ್ಲ.

ಕಣ್ಣು ಮುಚ್ಚಿದ್ದ ಮನುಷ್ಯ. ಅಲ್ಲಿ ನೋಡಲು ಏನಿತ್ತು? ತಲೆಯೊಳಗಿನ ಊರಲ್ಲೂ ಎಡಗಡೆ ಅಳಿಸಿಹೋಗಿತ್ತು. ನಾನು ಯಾವ ಕಡೆಗೆ ಕೂತರೆ ಇವರ ಪಾಲಿಗೆ ಇರುತ್ತೇನೆ, ಯಾವ ಕಡೆಗೆ ಕೂತರೆ ಇಲ್ಲವಾಗುತ್ತೇನೆ ಅನ್ನುವ ಯೋಚನೆ ಬಂತು.

“ಕಣ್ಣು ಸರಿಯಾಗಿದೆ ಅಮ್ಮ,” ಅಂದಳು ಥೆರಪಿ ಮೇಡಂ. “ಮೆದುಳು ಎಡಕ್ಕೆ ಗಮನ ಕೊಡ್ತಾ ಇಲ್ಲ. ಅಲ್ಲಿ ಏನೋ ತಪ್ಪಿಹೋಗ್ತಿದೆ ಅಂತಾನೂ ಅವರಿಗೆ ಗೊತ್ತಾಗಲ್ಲ. ಅದಕ್ಕೇ ಜಗಳ ಮಾಡ್ತಾರೆ. ದಿನಾ ಅಭ್ಯಾಸ ಮಾಡಿಸಿದ್ರೆ ಸುಧಾರಿಸುತ್ತೆ. ಎಷ್ಟು ಅಂತ ನಾನು ಹೇಳೋಕಾಗಲ್ಲ.”

ನಮ್ಮನೆಯವರು ನನ್ನ ಕಡೆ ತಿರುಗಿ, “ಈ ಮಗ ಏನೇಳ್ತೈತೆ? ನಂಗೆಲ್ಲಾ ಚೆನ್ನಾಗೇ ಕಾಣ್ತೈತಲ್ಲ” ಅಂದರು.

ಅಷ್ಟರಲ್ಲಿ ಆಷಾಢ ಬಂತು. ಹೊಸ ಮದುಮಗಳು ತವರಿಗೆ ಬರುವ ತಿಂಗಳು. ಅಳಿಯ ಬೈಕಿನಲ್ಲಿ ಕರೆತಂದು ಊರ ಬಸ್‌ಸ್ಟಾಪಿನಲ್ಲೇ ಇಳಿಸಿ, ಮನೆಗೂ ಬರದೆ ತಿರುಗಿಸಿಕೊಂಡು ಹೋದ. ಮಗಳು ಬ್ಯಾಗು ಹೊತ್ತು ಒಬ್ಬಳೇ ನಡೆದು ಬಂದಳು. ನೀರು ಕುಡಿದು, ಮಾವನ ಮಾತನ್ನು ಅವರ ದನಿಯಲ್ಲೇ ಒಪ್ಪಿಸಿದಳು.

“‘ಶ್ರಾವಣಕ್ಕೆ ನಿಮ್ಮಪ್ಪನೇ ಬಂದು ಬುಟ್ಟೋಗ್ಲಿ. ನಮ್ಮನೇಲಿ ಎಲೆ ಮುಂದೆ ಕೂತು ಉಂಡೋಗ್ಲಿ. ಇಲ್ದಿದ್ರೆ ನೀನು ಅಲ್ಲೇ ಇರು.’ ಅಂಗಂದವ್ರೆ ಅವ್ವ. ಅಲ್ಲಿ ಅಪ್ಪನ್ನ ಎಲೆ ಬುಟ್ಟ ಬೀಗ ಅಂತ ಕರೀತಾರೆ.”

“ಇಕ್ದಿದ್ದನ್ನ ಇಕ್ದೆ ಅನ್ನೋರ ಹೊಸ್ಲು ನಾನು ತುಳಿಯಾಕಿಲ್ಲ,” ಅಂದರು ಇವರು, ಪಕ್ಕದಿಂದ.

ಈ ಎಡಗಡೆಯ ಕಾಯಿಲೆಯ ವಿಷಯ ಬೀಗರಿಗೆ ಫೋನು ಮಾಡಿ ಹೇಳಿಬಿಡುತ್ತೇನೆ ಅಂತ ನಾನು ಎದ್ದೆ. ಮಗಳು ಕೈ ಹಿಡಿದು ಕೂರಿಸಿದಳು. “ತಲೆ ಕಾಯಿಲೆ ಅಂದ್ರೆ ಅವರು ಏನಂತ ತಿಳ್ಕೊತಾರೆ ಗೊತ್ತಿಲ್ವಾ? ಹುಚ್ಚನ ಮಗಳು ಅನ್ನಿಸ್ಕೊಳ್ಳೋದಕ್ಕಿಂತ ಜಗಳಗಂಟನ ಮಗಳೇ ವಾಸಿ ಕಣವ್ವ.”

ನಾನು ಫೋನು ಕೆಳಗಿಟ್ಟೆ. ಮಗಳು ಶ್ರಾವಣಕ್ಕೆ ಗಂಡನ ಮನೆಗೆ ಹೋಗಬೇಕೆಂದರೆ ಇವರು ಆ ಮನೆಯ ಎಲೆಯನ್ನು ಪೂರ್ತಿ ಉಣ್ಣಬೇಕು. ಅದಕ್ಕೆ ಮೊದಲು ಎಲೆಗೆ ಎಡಭಾಗ ಅಂತ ಒಂದಿದೆ ಅಂತ ಇವರಿಗೆ ಗೊತ್ತಾಗಬೇಕು. ನಮಗಿದ್ದದ್ದು ಆಷಾಢ.

ಥೆರಪಿ ಮೇಡಂ ಹೇಳಿಕೊಟ್ಟ ಹಾಗೆ ಸ್ಟೀಲ್ ತಟ್ಟೆಯ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿದೆ. ಬಾಗಿಲಿನ ಎಡ ಚೌಕಟ್ಟಿಗೂ ಅಂಟಿಸಿದೆ. ಕೆಂಪು ಸಿಗುವ ತನಕ ಕತ್ತು ತಿರುಗಿಸುತ್ತಲೇ ಇರಬೇಕು. ಸಿಕ್ಕಿದ ಮೇಲೆ ಅಲ್ಲಿಂದ ಬಲಕ್ಕೆ ಬರಬೇಕು. ನಾವು ಮಾತಾಡಿಸುವಾಗ ಎಡಕ್ಕೇ ನಿಲ್ಲಬೇಕು, ತಿರುಗುವ ತನಕ ಕಾಯಬೇಕು. ಅವಳ ಇನ್ನೊಂದು ಮಾತನ್ನು ನಾನು ದಿನಾ ಒಪ್ಪಿಸುತ್ತಿದ್ದೆ: ಮುಗಿಯಿತು ಅನ್ನಿಸಿದಾಗ ಮುಗಿದಿಲ್ಲ ಅಂದುಕೊಳ್ಳಿ.

ಮೊರದ ತುಂಬ ಅಕ್ಕಿ ಹರವಿ, ಅದರಲ್ಲಿ ಕಲ್ಲು, ಭತ್ತ ಬೆರೆಸಿ ಜಗಲಿಯಲ್ಲಿ ಇವರ ಮುಂದೆ ಇಡುತ್ತಿದ್ದೆವು. ಎಡದಿಂದ ಬಲಕ್ಕೆ ಆರಿಸಬೇಕು. ಬೀದಿಯಲ್ಲಿ ಹೋಗುವ ಗಂಡಸರಿಗೆ ಇದಕ್ಕಿಂತ ಬೇರೆ ಮನರಂಜನೆ ಬೇಕಿರಲಿಲ್ಲ.

“ಏನಣ್ಣೋ, ಮೇಡಮ್ಮೋರು ಸ್ಕೂಲಿಗೋದ್ರೆ ನೀನು ಅಕ್ಕಿ ಆರಿಸ್ತಾ ಕೂತಿದ್ದೀಯಾ? ಸಂಜೆಗೆ ಸಾರೇನು?”

“ಉಪ್ಸಾರು. ಬಾ, ನಿನ್ ಕೈಲೇ ಕಾರ ಅರೆಸ್ತೀನಿ,” ಅನ್ನುತ್ತಿದ್ದರು ಇವರು. ಮಾತಿಗೆ ಸೋಲುವವರಲ್ಲ. ಆದರೆ ಮೊರ ನೋಡಿದರೆ ಬಲಗಡೆ ಅಕ್ಕಿ ಮಲ್ಲಿಗೆಯ ಹಾಗೆ ಇರುತ್ತಿತ್ತು. ಎಡಗಡೆ ಹಾಕಿದ ಕಲ್ಲು ಹಾಕಿದ ಹಾಗೇ. ನಾನು ಮೊರವನ್ನು ತಿರುಗಿಸಿ ತೋರಿಸಿದರೆ, “ನೀನೇ ಈಗ ತಂದಾಕ್ದೆ” ಅಂತ ನನ್ನ ಮೇಲೇ ಸಿಟ್ಟು. ಅವರ ದೃಷ್ಟಿಯಲ್ಲಿ ಬೀಗರು ಸುಳ್ಳರಾದ ಹಾಗೆ ನಾನೂ ಸುಳ್ಳಿಯಾದೆ. ಮದುವೆಯಾದಾಗಿನಿಂದ ನನ್ನ ಮಾತಿಗೆ ಎದುರಾಡದವರು. ಅವರ ಕಣ್ಣಿನಲ್ಲಿದ್ದ ಅನುಮಾನ ನೋಡಿ ನಾನು ಮೊರ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಮಗಳು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ ಮದುವೆಯ ವಿಡಿಯೋ ಬಂತು. ಅದರ ಕೊನೆಯಲ್ಲಿ ಬೀಗರೂಟವೂ ಇತ್ತು. ಮಗಳು ಟಿವಿಗೆ ಹಾಕಿದಳು. ನನಗೆ ಅದನ್ನು ನೋಡುವ ಮನಸ್ಸೇ ಇರಲಿಲ್ಲ. ಇವರು ಕೂತು ನೋಡುತ್ತಿದ್ದರು. ಪಂಕ್ತಿ ಬಂತು, ಇವರ ಎಲೆ ಬಂತು. ಕ್ಯಾಮೆರಾದವನು ಇವರ ಎದುರಿಗೇ ನಿಂತು, ಮುಖ ಬಿಟ್ಟು ಎಲೆಯನ್ನಷ್ಟೇ ತೆಗೆದಿದ್ದ.

“ಇದ್ಯಾರ ಎಲೆ?” ಅಂದರು ಇವರು. “ಕೈಮದುಂಡೆ, ಫ್ರೈ, ಇಷ್ಟೊಂದ್ ತುಂಡು. ಯಾರೋ ಮುಟ್ಟೇ ಇಲ್ವಲ್ಲ.”

ನಾನು ಟಿವಿ ನೋಡಿದೆ, ಇವರನ್ನು ನೋಡಿದೆ. ಎದುರಿನಿಂದ ತೆಗೆದದ್ದಲ್ಲವೇ? ಎಲೆಯ ಎಡಭಾಗ ಟಿವಿಯಲ್ಲಿ ಬಲಕ್ಕೆ ಬಂದಿತ್ತು. ಇವರಿಗೆ ಕಾಣುವ ಕಡೆಗೆ. ಮುದ್ದೆ ಮುರಿಯುತ್ತಿದ್ದ ಅವರದೇ ಕೈ ಟಿವಿಯ ಎಡಕ್ಕಿತ್ತು. ಅದು ಇವರಿಗೆ ಕಾಣುತ್ತಿರಲಿಲ್ಲ.

ತುಂಬಿದ ಎಲೆಯ ಪಕ್ಕ ಒಂದು ಕೈ ಸುಮ್ಮನೆ ಬಿದ್ದಿತ್ತು.

“ಅದು ನನ್ ಗಡಿಯಾರ,” ಅಂದರು.

ಬಕೆಟ್ಟು ಹಿಡಿದ ಬೀಗರ ಕೈ ಬಂತು. ಬಗ್ಗಿ, ಇನ್ನೊಂದು ಉಂಡೆ ಇಟ್ಟು ಹೋಯಿತು.

“ನಿಲ್ಸು,” ಅಂದರು ಮಗಳಿಗೆ. “ಇನ್ನೊಂದ್ಸಲ ಹಾಕು.”

ಮತ್ತೆ ಹಾಕಿದಳು. ಮತ್ತೆ ನೋಡಿದರು. ಲಕ್ವ ಹೊಡೆದ ದಿನವೂ ಇವರು ಇಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ. ಬಲಗೈಯಿಂದ ತಮ್ಮ ಎಡಗೈಯನ್ನು ತಡವಿ ಹುಡುಕಿ, ಗಡಿಯಾರವನ್ನು ಮುಟ್ಟಿ ಹಿಡಿದುಕೊಂಡರು.

“ಅಂಗಾರೆ ಅವರು ಇಕ್ಕಿದ್ರು.”

“ಹೂಂ ರೀ.”

ಗಡಿಯಾರ ಹಿಡಿದುಕೊಂಡೇ ಕೇಳಿದರು, “ಇನ್ನೇನೇನ್ ಬುಟ್ಬುಟ್ಟಿದ್ದೀನಿ ನಾನು?”



ಅವತ್ತಿನಿಂದ ಮೊರವನ್ನು ಅವರೇ ಕೇಳಿ ತೆಗೆದುಕೊಂಡು ಕೂರುತ್ತಿದ್ದರು. ಕೆಂಪು ಟೇಪಿಗಾಗಿ ಕತ್ತು ತಿರುಗಿಸಿ ತಿರುಗಿಸಿ ಸಂಜೆಗೆ ಕತ್ತು ನೋವು ಅನ್ನುತ್ತಿದ್ದರು. ಎಡಗಡೆಯ ಕಲ್ಲು ಕಮ್ಮಿಯಾಗುತ್ತಾ ಬಂತು. ಒಬ್ಬರೇ ಇದ್ದಾಗ ತಟ್ಟೆ ಪೂರ್ತಿ ಖಾಲಿಯಾಗುತ್ತಿತ್ತು. ಯಾರಾದರೂ ಬಂದು ಮಾತಿಗೆ ಕೂತರೆ, ಆಯಾಸವಾಗಿದ್ದರೆ, ಎಡಗಡೆ ಮತ್ತೆ ಮಾಯ. ಥೆರಪಿ ಮೇಡಂ ಹಾಗೇ ಆಗುತ್ತೆ ಅಂದಳು. ಊಟದ ಮನೆಯಲ್ಲಿ ಮಾತೂ ಇರುತ್ತದೆ, ಜನವೂ ಇರುತ್ತಾರೆ. ನನಗೆ ಅದೇ ಭಯ. ತಟ್ಟೆಯಾದರೆ ತಿರುಗಿಸಿಕೊಳ್ಳಬಹುದು. ಎಲೆಯನ್ನು ತಿರುಗಿಸುವ ಹಾಗಿಲ್ಲ. ಎಲೆಯ ಕುಡಿ ಉಣ್ಣುವವರ ಎಡಕ್ಕೇ ಇರಬೇಕು. ಬಲಕ್ಕೆ ಬಂದರೆ ಅದು ಸಾವಿನ ಮನೆಯ ಎಲೆ. ಹೊಸ ಸೊಸೆ ಬಂದ ಮನೆಯಲ್ಲಿ ಯಾರು ಅದನ್ನು ಸಹಿಸುತ್ತಾರೆ?

ಶ್ರಾವಣದ ಮೊದಲ ವಾರ ಮಡಿಲಕ್ಕಿ ಕಟ್ಟಿಕೊಂಡು ಮಗಳನ್ನು ಬಿಡಲು ಹೊರಟೆವು. “ನಾನೇ ಬತ್ತೀನಿ” ಅಂದಿದ್ದರು ಇವರು. ಬೀಗರು ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟರು. ಅದಕ್ಕಿಂತ ಹೆಚ್ಚು ಒಂದು ಮಾತಿಲ್ಲ. ಶ್ರಾವಣವಾದ್ದರಿಂದ ಬಾಡಿಲ್ಲ, ಒಬ್ಬಟ್ಟಿನೂಟ. ಒಳಗೆ ಡೈನಿಂಗ್ ಟೇಬಲ್ಲಿಗೆ ಎಲೆ ಹಾಕಿ, ಬೀಗರೇ ನಿಂತು ಬಡಿಸಿದರು. ಎಡಕ್ಕೆ ಕೋಸಂಬರಿ, ಪಲ್ಯ, ಒಬ್ಬಟ್ಟು, ಒಬ್ಬಟ್ಟಿನ ಮೇಲೆ ತುಪ್ಪ. ಬಲಕ್ಕೆ ಅನ್ನ, ಒಬ್ಬಟ್ಟಿನ ಸಾರು. ಬಡಿಸಿ, ಎದುರು ಕುರ್ಚಿಯ ಹಿಂದೆ ಕೈಕಟ್ಟಿ ನಿಂತರು. ಬೀಗರ ತಾಯಿ, ಹೆಂಡತಿ, ಅಳಿಯ, ಎಲ್ಲರೂ ನೋಡುತ್ತಿದ್ದರು.

ಇವರು ಉಂಡರು. ಅನ್ನ, ಸಾರು ಮುಗಿಯಿತು. ಕತ್ತು ಸ್ವಲ್ಪ ತಿರುಗಿತು, ಪಲ್ಯ ಸಿಕ್ಕಿತು. ಅಷ್ಟರಲ್ಲಿ ಅಳಿಯ ಬಲಗಡೆಯಿಂದ “ಸಾರು ಹಾಕ್ಲಾ ಮಾವ?” ಅಂದ. ಗಮನ ಅತ್ತ ಹೋಯಿತು. ಹೋದದ್ದು ಹಿಂದಕ್ಕೆ ಬರಲಿಲ್ಲ. ನೀರು ಕುಡಿದರು. ಕೋಸಂಬರಿ, ಒಬ್ಬಟ್ಟು ಹಾಗೇ ಇದ್ದವು. ಮಗಳು ಕಣ್ಣು ಮುಚ್ಚಿಕೊಂಡಳು.

ಇವರು ಎದ್ದು ನಿಂತರು.

ಬೀಗರ ಮುಖ ಕಪ್ಪಾಯಿತು. “ಮತ್ತೆ ಎಲೆ ಬುಟ್ಟು ಎದ್ದ,” ಅಂತ ಅಜ್ಜಿ, ಬೀಗರ ತಾಯಿ, ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಇವರು ಎಂಜಲುಗೈಯನ್ನು ಎತ್ತಿ ಹಿಡಿದುಕೊಂಡು, ಟೇಬಲ್ಲಿನ ಅಂಚಿಗೆ ಸೊಂಟ ತಾಗಿಸಿಕೊಂಡೇ ನಿಧಾನಕ್ಕೆ ಸುತ್ತು ಹಾಕಿದರು. ಬೀಗರು ನಿಂತಿದ್ದ ಕಡೆಗೆ ಬಂದರು. ಎದುರು ಕುರ್ಚಿ ಎಳೆದು ಕೂತರು. ಅದೇ ಎಲೆ, ಈಗ ಆಚೆ ಕಡೆಯಿಂದ. ಕುಡಿ ಬಲಕ್ಕೆ.

“ಅಯ್ಯಯ್ಯೋ, ಕುಡಿ ಬಲಕ್ಕೆ ಮಾಡ್ಕೊಂಡು ಕೂತ್ನಲ್ಲೋ!” ಅಂತ ಅಜ್ಜಿ ಬಾಯಿ ಬಡಿದುಕೊಂಡಳು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಥೆರಪಿ ಮೇಡಂ ಹೇಳಿದ ಅಭ್ಯಾಸಗಳಲ್ಲಿ ಇದು ಇರಲೇ ಇಲ್ಲ. ಎದುರಿನಿಂದ ನೋಡಿದರೆ ಸಿಗುತ್ತದೆ ಅಂತ ಅವರು ಟಿವಿಯಲ್ಲಿ ಕಲಿತಿದ್ದರು.

ಒಬ್ಬಟ್ಟು ಈಗ ಬಲಗೈಯ ಮುಂದೆ ಇತ್ತು. ಅದನ್ನು ಮುರಿದು ಬಾಯಿಗಿಟ್ಟುಕೊಂಡರು. ಕೋಸಂಬರಿಯನ್ನು ಒಂದು ಬೇಳೆ ಬಿಡದೆ ಬಳಿದರು. ಆಮೇಲೆ ತಲೆ ಎತ್ತಿದರು.

“ಬೀಗ್ರೇ, ಲಕ್ವ ಒಡ್ದಾಗ ನನ್ ಎಡಗಡೆ ಒಂಟೋಯ್ತು. ಕೈಯಲ್ಲ, ಕಾಲಲ್ಲ. ಎಡಗಡೆನೇ. ಅವತ್ತು ನೀವು ಇಕ್ಕಿದ್ರಿ. ನಂಗೆ ಸಿಗ್ನಿಲ್ಲ. ಸುಳ್ಳ ಅಂದ್ಬುಟ್ಟೆ.”

ಬೀಗರು ಎಲೆ ನೋಡಿದರು, ಇವರನ್ನು ನೋಡಿದರು, ಖಾಲಿಯಾದ ಆಚೆಯ ಕುರ್ಚಿಯನ್ನು ನೋಡಿದರು. ಹುಚ್ಚು ಅನ್ನುವ ಮಾತು ಈಗ ಬರುತ್ತದೆ ಅಂತ ನಾನು ಕಾದೆ. ಅವರು ಒಬ್ಬಟ್ಟಿನ ತಟ್ಟೆಗೆ ಕೈಹಾಕಿ ಇನ್ನೊಂದನ್ನು ತೆಗೆದು, ಇವರ ಬಲಗೈಯ ಹತ್ತಿರಕ್ಕೆ ಇಟ್ಟರು.

“ಒಂದೇ ಎಲೇಲಿ ಎರಡು ಪಂಕ್ತಿ ಉಣ್ಣೋ ಬೀಗನ್ನ ನಾನು ಎಲ್ಲೂ ನೋಡಿಲ್ಲ ಕಣಪ್ಪ,” ಅಂದರು. “ಸುಮ್ಕಿರವ್ವ ನೀನು” ಅಂತ ತಾಯಿಗೂ ಅಂದರು. “ಉಣ್ಲಿ.”

ಹೊರಡುವಾಗ ಮಗಳು ಬಾಗಿಲಿಗೆ ಬಂದು ಅಪ್ಪನ ಎಡಕ್ಕೆ ನಿಂತಳು. ಬೇಕೆಂದೇ. ಕರೆಯಲಿಲ್ಲ, ಮುಟ್ಟಲಿಲ್ಲ. ಇವರು ಎಲ್ಲರಿಗೂ ಕೈಮುಗಿದು ಹೊಸಿಲು ದಾಟಲು ಕಾಲೆತ್ತಿದರು, ಎತ್ತಿದ ಕಾಲನ್ನು ಹಾಗೇ ಇಳಿಸಿದರು. ಬಲಗೈ ಗಡಿಯಾರವನ್ನು ಹುಡುಕಿತು. ಕತ್ತು ತಿರುಗಿತು, ನಿಂತಿತು, ಇನ್ನೂ ಸ್ವಲ್ಪ ತಿರುಗಿತು.

“ಇಲ್ಲೇ ಇದ್ದೀಯಾ,” ಅಂದರು. “ಬುಟ್ಟೋಯ್ತಾ ಇದ್ದೀನಿ ಕಣವ್ವ.”

ಬಸ್ಸಿನಲ್ಲಿ ನಾನು ಅವರ ಎಡಕ್ಕೇ ಕೂತೆ. ರಾವಂದೂರು ದಾಟಿ ಬಹಳ ದೂರ ಬಂದರೂ ಅವರು ಮಾತಾಡಿಸಲಿಲ್ಲ. ನಾನು ಕಾಯುತ್ತಿದ್ದೆ.